ಬಾಯಾರಿದ ಗಿಡದ ಹೂ

ಶಿವರಾತ್ರಿ ಸಮೀಪಿಸಿದರೆ ದುಂಡುಮಲ್ಲಿಗೆ ಇರುವ ಮನೆಯವರಿಗೆ ಹಿತ್ತಲ ಕಡೆ ಹೋಗಲು ನೆಪವೇ ಬೇಕಿಲ್ಲ. ಪುಷ್ಯ ಮಾಸದಲ್ಲಿ ಎಲೆ ಕಳಚಿ ಬರೀ ಕಡ್ಡಿಯಾಗಿ ನಿಂತಿದ್ದ ಗಿಡ ಈಗ ಗೆಣ್ಣುಗೆಣ್ಣಿಗೂ ತಿಳಿಹಸಿರು ಚಿಗುರು ಹೊಡೆದಿರುತ್ತದೆ. ಚಿಗುರಿನ ತುದಿಯನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿ ನೋಡಿ: ಬಹುಪಾಲು ಕಡೆ ಮೂರು ಮೊಗ್ಗು ಒಟ್ಟಿಗೆ ಕೂತಿರುತ್ತವೆ. ನಡುವಿನದು ಅಕ್ಕಪಕ್ಕದವಕ್ಕಿಂತ ದಪ್ಪ, ಮೊದಲು ಅರಳುವುದೂ ಅದೇ. ವರ್ಷದ ಮೊದಲ ಮಲ್ಲಿಗೆಗಾಗಿ ಕಾಯುವವರ ಕಣ್ಣು ಆ ನಡುಮೊಗ್ಗಿನ ಮೇಲೇ.

ನಮ್ಮ ವಸಂತ ನೀರಿನಿಂದ ಬರುವುದಲ್ಲ, ಒಣಗಿನಿಂದ ಬರುವುದು. ಹಿಂಗಾರು ನಿಂತ ಮೇಲೆ ನೆಲ ದಿನೇದಿನೇ ಬಿರುಸಾಗುತ್ತದೆ. ಆ ಬಾಯಾರಿಕೆಯನ್ನು ಉಂಡ ಗಿಡವೇ ಮಾಘ, ಫಾಲ್ಗುಣದಲ್ಲಿ ಮೈತುಂಬ ಹೂ ಬಿಡುವುದು. ಇದನ್ನು ಒಪ್ಪಿಕೊಳ್ಳುವುದು ಗಿಡ ಸಾಕುವವರಿಗೆ ಕಷ್ಟ. ಪ್ರೀತಿಯಿಂದ ದಿನವೂ ಒಂದು ಚೊಂಬು ನೀರು ಹಾಕುತ್ತಲೇ ಇರುತ್ತಾರೆ, ಗಿಡ ಸೊಂಪಾಗಿ ಎಲೆ ಬೆಳೆಸುತ್ತಲೇ ಇರುತ್ತದೆ. ಮಾರ್ಚ್ ಕಳೆದರೂ ಹೂವಿಲ್ಲ. ಮಲ್ಲಿಗೆ ಮೊಗ್ಗಾಗುವುದು ಹೊಸ ಚಿಗುರಿನಲ್ಲಿ ಮಾತ್ರ, ಹೊಸ ಚಿಗುರು ಒಟ್ಟಾಗಿ ಬರಬೇಕಾದರೆ ಹಳೆಯದು ಒಮ್ಮೆ ವಿಶ್ರಾಂತಿಗೆ ಹೋಗಬೇಕು. ಅದಕ್ಕೇ ನವೆಂಬರ್ ಕೊನೆಯಿಂದ ನೀರು ಕಡಿಮೆ ಮಾಡಿ, ಎಲೆ ಬಾಡಲು ಬಿಟ್ಟು, ಡಿಸೆಂಬರಿನಲ್ಲಿ ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿಬಿಡುವುದು. ಉಳಿದ ಎಲೆಯನ್ನೂ ಕೈಯಿಂದ ಕಿತ್ತು, ಬುಡದ ಮಣ್ಣು ಸಡಿಲಿಸಿ, ಕೆಲವು ದಿನ ಬಿಸಿಲು ತಾಗಿಸಬೇಕು. ಆಮೇಲೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಪಾತಿ ತುಂಬ ನೀರು. ಕಡ್ಡಿಗೆ ಜೀವ ಬರುವುದನ್ನು ಆಮೇಲೆ ನೋಡಬೇಕು!

ಕೊಡಗು, ಚಿಕ್ಕಮಗಳೂರಿನವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಕಾಫಿಯ ಮೊಗ್ಗು ಒಣಹವೆಯಲ್ಲಿ ಮುದುಡಿ ಕಾಯುತ್ತದೆ. ಒಂದಿಂಚು, ಒಂದೂವರೆ ಇಂಚು ಹೂಮಳೆ ಬಿದ್ದರೆ ಸುಮಾರು ಒಂದು ವಾರದಲ್ಲಿ ಇಡೀ ತೋಟ ಒಂದೇ ಸಲ ಬೆಳ್ಳಗಾಗುತ್ತದೆ. ಮಳೆ ತಡವಾದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಿ ಆ ಕೆಲಸ ಮಾಡಿಸುತ್ತಾರೆ. ಕಾಫಿ ಮಲ್ಲಿಗೆಯ ಕುಲದ್ದಲ್ಲ, ಆದರೂ ಆ ಎರಡು ಮೂರು ದಿನ ತೋಟದ ಮನೆಯ ಜಗಲಿಯಲ್ಲಿ ಕುಳಿತವರಿಗೆ ಮಲ್ಲಿಗೆಯದೇ ಗಾಳಿ. ಕುಂಡದಲ್ಲಿರುವ ಕಾಗದದ ಹೂವಿನ ಗುಟ್ಟೂ ಇದೇ. ಮಣ್ಣು ಒಣಗಲು ಬಿಡದೆ ನೀರೆರೆದರೆ ಅದು ಮುಳ್ಳನ್ನೂ ಎಲೆಯನ್ನೂ ಬೆಳೆಸಿಕೊಂಡು ಸುಮ್ಮನಿರುತ್ತದೆ.

ಮಲ್ಲಿಗೆಗೆ ಮರಳುತ್ತೇನೆ. ಉಡುಪಿಯ ಶಂಕರಪುರದಲ್ಲಿ ಹೂವನ್ನು ಅಟ್ಟೆಯಲ್ಲಿ ಅಳೆಯುತ್ತಾರೆ: ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮನೆಯ ಎರಡು ಬುಡದಿಂದ ಆರಂಭದ ವಾರಗಳಲ್ಲಿ ಸಿಗುವುದು ಅರ್ಧ ಬೊಗಸೆ. ಆದರೆ ಆ ಅರ್ಧ ಬೊಗಸೆಗೆ ಪೇಟೆಯ ಹೂವಿಗಿಲ್ಲದ ಒಂದು ಸವಲತ್ತಿದೆ. ಮಾರುವ ಮೊಗ್ಗನ್ನು ಬೆಳಗಿನ ಜಾವವೇ ಕೊಯ್ಯಬೇಕು, ಅದು ಅರಳುವುದರೊಳಗೆ ಊರೂರು ಸುತ್ತಿರಬೇಕು. ಮನೆಯದನ್ನು ಮಧ್ಯಾಹ್ನ ನಾಲ್ಕರವರೆಗೂ ಗಿಡದಲ್ಲೇ ಬಿಡಬಹುದು. ಅಷ್ಟು ಹೊತ್ತಿಗೆ ಮೊಗ್ಗಿನ ಹಸಿರು ಛಾಯೆ ಪೂರ್ತಿ ಹೋಗಿ ಹಾಲಿನಂತೆ ಬೆಳ್ಳಗಾಗಿರುತ್ತದೆ. ಕೊಯ್ದು, ನೆನೆಸಿದ ಬಾಳೆನಾರಿನಲ್ಲಿ ಕಟ್ಟಿ, ಒದ್ದೆ ಬಟ್ಟೆ ಮುಚ್ಚಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಎಸಳು ಬಿಚ್ಚುತ್ತವೆ. ಮಲ್ಲಿಗೆ ಪರಿಮಳ ಸೂಸುವುದು ಅರಳುವಾಗಲೇ. ಆ ಗಳಿಗೆ ಲಾರಿಯಲ್ಲೋ ಮಾರುಕಟ್ಟೆಯ ಬುಟ್ಟಿಯಲ್ಲೋ ಕಳೆಯದೆ ನಮ್ಮ ನಡುಮನೆಯಲ್ಲೇ ಬರಬೇಕೆಂದರೆ ಹಿತ್ತಲಲ್ಲಿ ಗಿಡವಿರಬೇಕು, ಬೇರೆ ದಾರಿಯಿಲ್ಲ. ಏಳುಸುತ್ತಿನ ಮಲ್ಲಿಗೆಯನ್ನು ಹಲವರು ಮೆಚ್ಚುತ್ತಾರೆ. ನೋಡಲು ಅದು ಚಂದವೇ. ಆದರೆ ಮೊದಲ ಗಿಡ ನೆಡುವವರಿಗೆ ನಾನು ಹೇಳುವುದು ಎಸಳು ಕಡಿಮೆಯಿರುವ ಸಾದಾ ದುಂಡುಮಲ್ಲಿಗೆಯನ್ನೇ. ಅದು ಧಾರಾಳಿ, ಒಂದೊಂದು ಚಿಗುರಿಗೂ ಹೂ ಕೊಡುತ್ತದೆ.

ಈ ದಿನಗಳಲ್ಲಿ ಎಚ್ಚರ ಬೇಕಾದ್ದು ಮೊಗ್ಗು ಕೊರೆಯುವ ಹುಳುವಿನ ಬಗ್ಗೆ. ಅರಳುವ ಮುಂಚೆಯೇ ಮೊಗ್ಗು ನೇರಳೆಗೆ ತಿರುಗಿ, ಬುಡದ ಬಳಿ ಸಣ್ಣ ತೂತು ಕಂಡರೆ ಒಳಗೆ ಅದು ಕೂತಿದೆ ಎಂದರ್ಥ. ಎರಡು ಮೂರು ಗಿಡಕ್ಕೆ ವಿಷ ಸಿಂಪಡಿಸಬೇಕಾಗಿಲ್ಲ. ಅಂಥ ಮೊಗ್ಗುಗಳನ್ನು ಆಯ್ದು ಹಿಸುಕಿ ಎಸೆದರೆ ಸಾಕು. ಹೂ ಮುಗಿದ ತುದಿಗಳನ್ನು ಆಗಾಗ ಚಿವುಟುತ್ತಿದ್ದರೆ ಪಕ್ಕದಲ್ಲಿ ಮತ್ತೆ ಚಿಗುರುತ್ತದೆ, ಮತ್ತೆ ಮೊಗ್ಗಾಗುತ್ತದೆ. ಮುಂಗಾರು ಹಿಡಿಯುವವರೆಗೂ ಹೀಗೆ ಸಾಗುತ್ತದೆ.

ಮೊದಲ ವಾರದಲ್ಲಿ ಮಾಲೆಗೆ ಸಾಲುವಷ್ಟು ಸಿಗದಿದ್ದರೆ ಬೇಸರ ಬೇಡ. ನಾಲ್ಕು ಹೂ ಸಾಕು. ವಿಷ ಸೋಕದ ಹೂವಾದ್ದರಿಂದ ರಾತ್ರಿ ಅವನ್ನು ಕುಡಿಯುವ ನೀರಿನ ಮಣ್ಣಿನ ಹೂಜಿಗೆ ಹಾಕಿ, ಬೆಳಿಗ್ಗೆ ತೆಗೆದುಬಿಡಿ. ಬಿಸಿಲಲ್ಲಿ ಬಂದ ನೆಂಟರಿಗೆ ಮೊದಲ ಲೋಟ ಅದರಿಂದಲೇ ಕೊಡಿ.