ಐವತ್ತರ ನಾಯಿಕೆ

ಸತ್ಯಜಿತ್ ರಾಯ್ 1976ರಲ್ಲಿ ತೆಗೆದ 'ಬಾಲಾ' ಸಾಕ್ಷ್ಯಚಿತ್ರದಲ್ಲಿ ಭರತನಾಟ್ಯ ಕಲಾವಿದೆ ಬಾಲಸರಸ್ವತಿ ಕಡಲ ದಂಡೆಯ ಮೇಲೆ ನಿಂತು ಅಭಿನಯಿಸುತ್ತಾರೆ. ಆಗ ಅವರಿಗೆ 58. ಹಾಡು ನಮ್ಮದೇ, ಬಾಲಕೃಷ್ಣನನ್ನು ಬೇಗ ಬಾ ಎಂದು ಕರೆಯುವ ವ್ಯಾಸರಾಯರ ದೇವರನಾಮ. ಈ ದೃಶ್ಯವನ್ನು ನೋಡಿದ ಕನ್ನಡಿಗರ ಕಣ್ಣು ತುಂಬುತ್ತದೆ, ನನ್ನದೂ ತುಂಬಿದೆ. ಆದರೆ ಬಾಲಾ ಎಂದೊಡನೆ ನಮಗೆಲ್ಲ ಈ ಹಾಡೇ ಏಕೆ ನೆನಪಾಗುತ್ತದೆ? ಅವರ ಕಲೆಯ ಜೀವಾಳ ಇದ್ದದ್ದು ತೆಲುಗು ಕವಿ ಕ್ಷೇತ್ರಯ್ಯನ ಪದಗಳಲ್ಲಿ. ಇನ್ನೊಬ್ಬಳ ಮನೆಯಿಂದ ಬೆಳಗಿನ ಜಾವ ಬಂದ ಗಂಡಸನ್ನು ಹೊಸಿಲಲ್ಲೇ ನಿಲ್ಲಿಸಿ ಮಾತಾಡಿಸುವ, ತನ್ನ ಮೈಯ ಹಸಿವನ್ನು ಗೆಳತಿಯ ಮುಂದೆ ಹಿಂಜರಿಯದೆ ಹೇಳಿಕೊಳ್ಳುವ ಹೆಣ್ಣಿನ ಹಾಡುಗಳು ಅವು. ಐವತ್ತು ದಾಟಿದ ಹೆಂಗಸು ತಾಯಿಯಾಗಿ ಕಂಡರೆ ನಮಗೆ ನೆಮ್ಮದಿ. ಅವಳು ಪ್ರಣಯಿನಿಯಾಗಿ ಕಂಡರೆ ಕಣ್ಣು ಬೇರೆಡೆ ಹೊರಳುತ್ತದೆ.

ಇಂಥ ಪದಗಳ, ಶೃಂಗಾರದ ಲಘು ಹಾಡುಗಳಾದ ಜಾವಳಿಗಳ ಅಭಿನಯ ಪರಂಪರೆಯನ್ನು ತೂಗಿ ನೋಡಬೇಕಾದದ್ದು ಇಲ್ಲಿಂದಲೇ ಎಂದು ನನಗೆ ಅನ್ನಿಸುತ್ತದೆ. ನಮ್ಮ ನಾಡಿನಲ್ಲಿ ನಡುವಯಸ್ಸು ದಾಟಿದ ಹೆಣ್ಣು ಎಲ್ಲರ ಎದುರು ಶೃಂಗಾರವನ್ನು ಆಡಿ ತೋರಿಸಿ ಗೌರವವನ್ನೂ ಪಡೆದ ಜಾಗಗಳು ಬೆರಳೆಣಿಕೆಯವು. ಅವುಗಳಲ್ಲಿ ಒಂದು ಮೈಸೂರಿನ ಅರಮನೆಯಲ್ಲೇ ಇತ್ತು.

ಜಟ್ಟಿ ತಾಯಮ್ಮ ಹುಟ್ಟಿದ್ದು 1857ರಲ್ಲಿ. ತಂದೆ ಅರಮನೆಯ ಪೈಲ್ವಾನ. 1947ರಲ್ಲಿ ತೀರಿಕೊಳ್ಳುವವರೆಗೂ ಅವರ ಹೆಸರು ಅಭಿನಯಕ್ಕೆ ಇನ್ನೊಂದು ಹೆಸರಾಗಿತ್ತು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಕಡೂರು ಸೀಮೆಯ ತಂಗಲಿ ತಾಂಡ್ಯದ ಲಂಬಾಣಿ ಹುಡುಗಿ, 1906ರಲ್ಲಿ ಹುಟ್ಟಿದವರು. 1939ರಲ್ಲಿ ಆಸ್ಥಾನ ವಿದುಷಿಯಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ನೃತ್ಯ ವಿಭಾಗ ತೆರೆದಾಗ ಪಾಠ ಹೇಳಲು ಬಂದರು. ಬೇರೆಯವರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು ಅದು, 59. ಅಲ್ಲಿ ಅವರು ಹೇಳಿಕೊಟ್ಟದ್ದು ಬರೀ ಅಡವುಗಳನ್ನಲ್ಲ. ಅಮರುಕನ ಶ್ಲೋಕಗಳಿಗೆ, ಗೀತಗೋವಿಂದಕ್ಕೆ, ಜಾವಳಿಗಳಿಗೆ ಮುಖದಲ್ಲಿ, ಕೈಯಲ್ಲಿ, ಉಸಿರಿನಲ್ಲಿ ಅರ್ಥ ತುಂಬುವ ಮೈಸೂರು ಬಾನಿಯನ್ನು. ಶೃಂಗಾರದ ಒಳಗುಟ್ಟುಗಳನ್ನು ಹರೆಯದ ಹುಡುಗಿಯರು ಒಬ್ಬ ಹಿರಿಯ ಹೆಂಗಸಿನ ಮುಖ ನೋಡಿ ಕಲಿತರು. ಇದು ಸಣ್ಣ ಸಂಗತಿಯಲ್ಲ.

ವಯಸ್ಸು ಅಭಿನಯಕ್ಕೆ ಏನು ಕೊಡುತ್ತದೆ? ಮೊದಲಿಗೆ, ನಿಧಾನ. ಪದದ ಒಂದು ಸಾಲನ್ನು ಹತ್ತು ಸಲ ಹಾಡುತ್ತಾರೆ, ಹತ್ತು ಸಲವೂ ಅರ್ಥ ಬೇರೆಯಾಗಬೇಕು. 'ಬಂದೆಯಾ' ಎಂಬ ಒಂದು ಮಾತಿನಲ್ಲಿ ಕಾದ ಬೇಸರ, ಬಂದ ಖುಷಿ, ಎಲ್ಲಿಂದ ಬಂದ ಎಂಬ ಗುಮಾನಿ, ಬಂದರೂ ಎಷ್ಟು ಹೊತ್ತು ಎಂಬ ಲೆಕ್ಕ ಎಲ್ಲವೂ ಒಂದಾದ ಮೇಲೊಂದು ಮೂಡಬೇಕು. ಹದಿನಾರರ ಹುಡುಗಿ ಇದನ್ನು ಗುರು ಹೇಳಿದಂತೆ ತಪ್ಪಿಲ್ಲದೆ ಮಾಡಬಹುದು. ಬದುಕಿನಲ್ಲಿ ನಿಜಕ್ಕೂ ಕಾದವಳು, ಕಾಯುವುದನ್ನು ಬಿಟ್ಟವಳು, ಬಿಟ್ಟ ಮೇಲೂ ಒಂದು ಸಂಜೆ ಬಾಗಿಲ ಸದ್ದಿಗೆ ಬೆಚ್ಚಿದವಳು ಅದನ್ನು ಮಾಡುವ ರೀತಿ ಬೇರೆ. ಅವಳು ಹುಬ್ಬನ್ನು ಪೂರಾ ಏರಿಸುವುದಿಲ್ಲ, ಅರ್ಧಕ್ಕೇ ನಿಲ್ಲಿಸುತ್ತಾಳೆ. ಕುಳಿತಲ್ಲೇ ಸೆರಗನ್ನು ಸ್ವಲ್ಪ ಸರಿಪಡಿಸಿಕೊಂಡರೆ ಸಾಕು, ನೋಡುವವರ ಎದೆಯಲ್ಲಿ ಒಂದು ಇಡೀ ರಾತ್ರಿ ಕಳೆದುಹೋಗುತ್ತದೆ. ಮೈಯ ಬೆಡಗು ಕಡಿಮೆಯಾದಷ್ಟೂ ಮೈಯ ಅರಿವು ಹೆಚ್ಚುತ್ತದೆ. ಈ ಪರಂಪರೆಯ ನಿಜವಾದ ಸಂಪತ್ತು ಅದೇ.

ಇಷ್ಟೆಲ್ಲ ಇದ್ದೂ ಶಾಸ್ತ್ರ ಅವಳಿಗೆ ಒಂದು ಹೆಸರು ಕೊಡಲಿಲ್ಲ. ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂದು ನಾಯಿಕೆಯರನ್ನು ವಿಂಗಡಿಸುವಾಗ ಅನುಭವಸ್ಥೆಗೆ ಒಂದು ಮಣೆ ಸಿಕ್ಕಿತು ಅನ್ನಿಸುತ್ತದೆ. ಆದರೆ ಧನಂಜಯನ ನಾಟ್ಯಲಕ್ಷಣ ಗ್ರಂಥ ದಶರೂಪಕವನ್ನು ತೆರೆದು ನೋಡಿ. ಅಲ್ಲಿ ಪ್ರಗಲ್ಭೆಯ ಮೊದಲ ಲಕ್ಷಣವೇ ಕಣ್ಣು ಕತ್ತಲಿಡುವಂಥ ಯೌವನ. ಯೌವನ ಇಳಿದವಳ ಬಯಕೆಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಹಾಡಿನೊಳಗಿನ ನಾಯಿಕೆಗೆ ವಯಸ್ಸಾಗುವುದಿಲ್ಲ, ಹಾಡಿಗೆ ಜೀವ ಕೊಡುವವಳಿಗೆ ಮಾತ್ರ ಆಗುತ್ತದೆ. ತಾಯಮ್ಮನಂಥವರು ತಮ್ಮ ನರೆಗೂದಲಿನ ತಿಳಿವಳಿಕೆಯನ್ನೆಲ್ಲ ಹರೆಯದ ನಾಯಿಕೆಗೆ ಸಾಲ ಕೊಟ್ಟರು. ಪರಂಪರೆ ಆ ಸಾಲ ತೀರಿಸಿಲ್ಲ. ನನ್ನ ದೊಡ್ಡ ತಕರಾರು ಇದು.

ಆ ಸಾಲವನ್ನು ಮೊದಲೇ ತೀರಿಸಿದಂಥ ಒಂದು ಹಳೆಯ ಕೃತಿ ಇದೆ, ಅದಕ್ಕಾದ ಗತಿಯನ್ನೂ ಹೇಳಬೇಕು. ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿ, 18ನೆಯ ಶತಮಾನದ ನಡುವಿನಲ್ಲಿ, ಮುದ್ದುಪಳನಿ ತೆಲುಗಿನಲ್ಲಿ ರಾಧಿಕಾ ಸಾಂತ್ವನಮು ಬರೆದಳು. ಅವಳ ರಾಧೆ ಎಳೆಯ ಗೋಪಿಯಲ್ಲ. ತಾನು ಸಾಕಿ ಬೆಳೆಸಿದ ಇಳಾದೇವಿಯನ್ನು ತಾನೇ ಕೃಷ್ಣನಿಗೆ ಮದುವೆ ಮಾಡಿಸಿ, ಮೊದಲ ರಾತ್ರಿಗೆ ಇಬ್ಬರಿಗೂ ಬುದ್ಧಿಮಾತು ಹೇಳಿ ಕಳಿಸಿ, ಆಮೇಲೆ ಒಬ್ಬಳೇ ಕುಳಿತು ಬೇಯುವ ಹೆಣ್ಣು. ಹಿರಿಯಳಾಗಿ ತ್ಯಾಗ ಮಾಡಬೇಕು ಎಂದು ಲೋಕ ಹೇಳುತ್ತದೆ, ಅವಳ ಮೈ ಒಪ್ಪುವುದಿಲ್ಲ. ಕೃಷ್ಣನೇ ಬಂದು ಅವಳನ್ನು ಸಮಾಧಾನ ಮಾಡಬೇಕಾಗುತ್ತದೆ. ಈ ಕಾವ್ಯವನ್ನು ತೆಲುಗಿನ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಅಶ್ಲೀಲವೆಂದು ಜರೆದಿದ್ದರು. ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ ಹಳೆಯ ಪ್ರತಿ ಹುಡುಕಿ 1910ರಲ್ಲಿ ಪೂರ್ಣಪಾಠವನ್ನು ಅಚ್ಚು ಹಾಕಿಸಿದರು. ಗಂಡು ಕವಿಗಳು ಇದಕ್ಕಿಂತ ಹೆಚ್ಚು ಬಿಚ್ಚಿ ಬರೆದಾಗ ಇಲ್ಲದ ನಾಚಿಕೆ ಈಗೇಕೆ ಎಂದು ಕೇಳಿದರು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾಗಲು ಸ್ವಾತಂತ್ರ್ಯದ ಹೊತ್ತಿಗೆ ಮದರಾಸಿನಲ್ಲಿ ಟಂಗುಟೂರಿ ಪ್ರಕಾಶಂ ಸರ್ಕಾರವೇ ಬರಬೇಕಾಯಿತು.

ನಾಗರತ್ನಮ್ಮ ಪುಸ್ತಕ ಅಚ್ಚು ಹಾಕಿಸಿದ ಕಾಲದಲ್ಲೇ ಶುದ್ಧೀಕರಣದ ಗಾಳಿ ಬೀಸುತ್ತಿತ್ತು. ಮೈಸೂರು ಸರ್ಕಾರ 1909ರಲ್ಲೇ ದೇವಾಲಯಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಎಳೆಯ ಹುಡುಗಿಯರನ್ನು ಆ ಬದುಕಿಗೆ ತಳ್ಳುವುದು ನಿಲ್ಲಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ತಾಯಮ್ಮನಂಥವರಿಗೆ ಸಿಕ್ಕ ಅರಮನೆಯ ಸಲಿಗೆಗೂ ಬೆಲೆಯಿತ್ತು. ಅಲ್ಲಿ ಬಯಕೆಯನ್ನು ತೋರುವುದು ಸೇವೆಯಾಗಿತ್ತು, ಯಾರಿಗಾಗಿ ತೋರಬೇಕು ಎಂಬುದನ್ನು ಆರಿಸಿಕೊಳ್ಳುವ ಹಕ್ಕು ಕಲಾವಿದೆಯದಾಗಿರಲಿಲ್ಲ. ಆದರೆ ಸುಧಾರಣೆಯ ಹೆಸರಿನಲ್ಲಿ ಹಾಡುಗಳನ್ನೂ ತೊಳೆದರು. ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ನೃತ್ಯವನ್ನು ಭಕ್ತಿಯ ಕಡೆಗೆ ತಿರುಗಿಸಿ, ಮೈಯ ಮಾತನ್ನು ನೇರವಾಗಿ ಆಡುವ ಪದಗಳನ್ನು ಬದಿಗಿಟ್ಟರು. 1975ರಲ್ಲಿ ಮದರಾಸಿನ ತಮಿಳ್ ಇಸೈ ಸಂಘದ ಅಧ್ಯಕ್ಷ ಭಾಷಣದಲ್ಲಿ ಬಾಲಸರಸ್ವತಿ ಶೃಂಗಾರವೇ ಈ ಕಲೆಯ ಶಿಖರ, ತೊಳೆಯುವಂಥದ್ದು ಇದರಲ್ಲಿ ಏನೂ ಇಲ್ಲ ಎಂಬ ನಿಲುವು ತಳೆದರು. ಎಂಥ ಧೈರ್ಯ! ಆದರೂ ಆ ವಾದವನ್ನು ಅವರು ನಿಲ್ಲಿಸಿದ್ದು ಶೃಂಗಾರ ದೈವಿಕ, ದೇಹದ್ದಲ್ಲ ಎಂಬ ಆಧಾರದ ಮೇಲೆ. ಅವರಿಗೂ ದೇವರ ಹೊದಿಕೆ ಬೇಕಾಯಿತು. ದೇಹವೂ ಹೌದು, ಅದಕ್ಕೇನು ಎಂದು ಹೇಳುವ ಕಾಲ ಆಗ ಬಂದಿರಲಿಲ್ಲ.

ಈಗ ಬಂದಿದೆಯೇ? ಬೆಂಗಳೂರಿನ ಸಭಾಂಗಣಗಳಲ್ಲಿ ರಂಗಪ್ರವೇಶಗಳಿಗೆ ಬರವಿಲ್ಲ. ಹದಿನೈದರ ಹುಡುಗಿ ನಲ್ಲನಿಂದ ಮೋಸಹೋದ 'ಖಂಡಿತಾ' ನಾಯಿಕೆಯಾಗಿ ನಲ್ಲನನ್ನು ಗದರುತ್ತಾಳೆ, ತಂದೆತಾಯಿ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಅದೇ ಹುಡುಗಿಯ ತಾಯಿ ನಲವತ್ತೇಳರಲ್ಲಿ, ಮಗಳನ್ನು ಕಾಲೇಜಿಗೆ ಸೇರಿಸಿದ ಮೇಲೆ, ಬಿಟ್ಟುಹೋದ ಗೆಜ್ಜೆಯನ್ನು ಮತ್ತೆ ಕಟ್ಟುತ್ತೇನೆ ಎಂದರೆ 'ಈ ವಯಸ್ಸಲ್ಲಿ ಇದೆಲ್ಲ ಬೇಕಾ?' ಎಂದು ಮನೆಯವರೇ ಕೇಳುತ್ತಾರೆ. ಆದರೂ ಸಂಜೆಯ ತರಗತಿಗಳಿಗೆ ಬರುವ ಇಂಥ ಹೆಂಗಸರಿದ್ದಾರೆ. ಮಂಡಿ ನೋಯುತ್ತದೆ, ಅರಮಂಡಿ ಮೊದಲಿನಷ್ಟು ಇಳಿಯುವುದಿಲ್ಲ. ಅಭಿನಯಕ್ಕೆ ಕುಳಿತಾಗ ಮಾತ್ರ ಮುಖದಲ್ಲಿ ಒಂದು ಬೇರೆಯೇ ಬೆಳಕು. ಅವರಿಗೆ ಗುರುಗಳು ಹೆಚ್ಚಾಗಿ ದೇವರನಾಮವನ್ನೇ ಕೊಡುತ್ತಾರೆ. ಯಶೋದೆ, ಶಬರಿ. ಜಾವಳಿ ಕೇಳಿದರೆ ಒಂದು ಮುಗುಳ್ನಗೆ, ಆಮೇಲೆ ನೋಡೋಣ ಎಂಬ ಮಾತು.

ಕನ್ನಡ ಕಾವ್ಯ ಈ ವಿಷಯದಲ್ಲಿ ನೃತ್ಯಕ್ಕಿಂತ ಮುಂದಿದೆ. ಪ್ರತಿಭಾ ನಂದಕುಮಾರ್ ಅವರ ಕವಿತೆಗಳಲ್ಲಿ ಹೆಣ್ಣಿನ ಬಯಕೆ ಮುಚ್ಚುಮರೆಯಿಲ್ಲದೆ, ದೇವರ ಹಂಗಿಲ್ಲದೆ ಮಾತಾಡಿದೆ. ಮೈಸೂರು ಬಾನಿಯನ್ನು ಕಲಿತವರು ಇಂಥ ಕವಿತೆಗಳನ್ನು ಪದದ ನಡಿಗೆಗೆ ಕೂರಿಸಬಹುದು. ಹಾಡಿನೊಳಗೇ ನಾಯಿಕೆಗೆ ಐವತ್ತಾಗಲಿ. ಕಿವಿಯ ಹಿಂದೆ ಬೆಳ್ಳಿಗೂದಲು ಇರಲಿ, ಕನ್ನಡಕ ತೆಗೆದಿಟ್ಟು ಅವನ ಮುಖವನ್ನು ಹತ್ತಿರದಿಂದ ನೋಡಲಿ. ಬಾಗಿಲಲ್ಲಿ ನಿಂತವನು ಮೂವತ್ತು ವರ್ಷ ಜೊತೆಗಿದ್ದ ಗಂಡನೇ ಆಗಿರಬಹುದು, ಇವಳನ್ನು ಮೊದಲ ಸಲ ನೋಡುವಂತೆ ನೋಡುತ್ತಿರಬಹುದು. ಆಗ ಅವಳ ಹುಬ್ಬು ಎಷ್ಟು ಏರಬೇಕು, ಎಲ್ಲಿ ನಿಲ್ಲಬೇಕು ಎಂಬುದು ತಾಯಮ್ಮನಿಗೆ ಗೊತ್ತಿತ್ತು. ವೆಂಕಟಲಕ್ಷಮ್ಮನಿಂದ ಕಲಿತವರಿಗೂ ಗೊತ್ತಿದೆ.