ಬೇರು, ನರ ಮತ್ತು ನೋವು: ಫ್ರೀಡಾ ಕಾಹ್ಲೊ ಅವರ ಸಸ್ಯಚಿತ್ರಗಳು

ಆಧುನಿಕ ಚಿತ್ರಕಲೆಯ ಚರಿತ್ರೆಯಲ್ಲಿ ದೈಹಿಕ ನೋವಿನೊಂದಿಗೆ ಅತ್ಯಂತ ನಿಕಟವಾಗಿ ಗುರುತಿಸಲ್ಪಟ್ಟ ಹೆಸರು ಮೆಕ್ಸಿಕೊದ ಫ್ರೀಡಾ ಕಾಹ್ಲೊ (1907–1954) ಅವರದು. ಈ ಗುರುತು ಪ್ರಧಾನವಾಗಿ ಅವರ ಸ್ವಚಿತ್ರಗಳನ್ನು ಅವಲಂಬಿಸಿದೆ. ಅವರು ಜೀವನದುದ್ದಕ್ಕೂ ಚಿತ್ರಿಸಿದ ಗಿಡ, ಬಳ್ಳಿ, ಬೇರು ಮತ್ತು ಹಣ್ಣುಗಳನ್ನು ವಿಮರ್ಶೆಯು ಬಹುಕಾಲ ಹಿನ್ನೆಲೆಯ ಅಲಂಕಾರವೆಂದೋ ಫಲವಂತಿಕೆಯ ಸಂಕೇತವೆಂದೋ ಭಾವಿಸಿತ್ತು. 2015ರಲ್ಲಿ ನ್ಯೂಯಾರ್ಕ್ ಸಸ್ಯೋದ್ಯಾನವು ಅವರ ಕಲೆ ಮತ್ತು ತೋಟಗಳ ಸಂಬಂಧವನ್ನು ಕುರಿತು ಪ್ರದರ್ಶನವೊಂದನ್ನು ಏರ್ಪಡಿಸಿದ ಮೇಲೆ ಈ ಭಾಗದ ಕಡೆಗೆ ಹೆಚ್ಚಿನ ಗಮನ ಹರಿದಿದೆ. ದೀರ್ಘಕಾಲದ ನೋವು ಈ ಸಸ್ಯಚಿತ್ರಗಳ ರೂಪವನ್ನು ಹೇಗೆ ನಿರ್ಧರಿಸಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಕೆಲವು ಜೀವನಸಂಗತಿಗಳನ್ನು ನೆನೆಯಬೇಕು. ಆರನೆಯ ವಯಸ್ಸಿನಲ್ಲಿ ಬಂದ ಪೋಲಿಯೊದಿಂದ ಕಾಹ್ಲೊ ಅವರ ಬಲಗಾಲು ಬಡಕಲಾಯಿತು. 1925ರ ಸೆಪ್ಟೆಂಬರ್ 17ರಂದು ಬಸ್ಸು ಮತ್ತು ಟ್ರಾಮುಗಳ ಡಿಕ್ಕಿಯಲ್ಲಿ ಬೆನ್ನುಮೂಳೆ, ಸೊಂಟ ಹಾಗೂ ಅದೇ ಕಾಲು ಮುರಿದವು. ಚೇತರಿಕೆಯ ತಿಂಗಳುಗಳಲ್ಲಿ, ಮಲಗಿದ್ದಲ್ಲೇ ಬಿಡಿಸಲು ಅನುಕೂಲವಾಗುವಂತೆ ತಾಯಿ ವಿಶೇಷವಾದ ಚಿತ್ರಪೀಠವೊಂದನ್ನು ಮಾಡಿಸಿಕೊಟ್ಟರು. 1946ರಲ್ಲಿ ನ್ಯೂಯಾರ್ಕಿನಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ನಡೆಯಿತು. 1950ರ ಬಹುಭಾಗ ಆಸ್ಪತ್ರೆಯಲ್ಲಿ ಕಳೆಯಿತು. 1953ರಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಈ ಸಂಗತಿಗಳಿಂದ ನೇರವಾಗಿ ಕೃತಿಗೆ ಜಿಗಿಯುವುದು ಜೀವನಚರಿತ್ರಾತ್ಮಕ ವಿಮರ್ಶೆಯ ಸಾಮಾನ್ಯ ದೋಷ. ನೋವು ಕೃತಿಯ ವಸ್ತುವಾಗುವುದು ಒಂದು ಬಗೆ. ಕೃತಿ ರೂಪುಗೊಳ್ಳುವ ಸ್ಥಿತಿಯಾಗುವುದು ಮತ್ತೊಂದು ಬಗೆ. ಇವೆರಡನ್ನೂ ಪ್ರತ್ಯೇಕಿಸದೆ ಹೋದರೆ ಪ್ರತಿಯೊಂದು ಎಲೆಯೂ ಗಾಯದ ರೂಪಕವಾಗಿಬಿಡುತ್ತದೆ.

1931ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಚಿತವಾದ ಲೂಥರ್ ಬರ್ಬ್ಯಾಂಕ್ ಅವರ ಭಾವಚಿತ್ರ ಈ ದೃಷ್ಟಿಯಿಂದ ಮುಖ್ಯವಾದುದು. ಬರ್ಬ್ಯಾಂಕ್ ಕ್ಯಾಲಿಫೋರ್ನಿಯದ ಪ್ರಸಿದ್ಧ ಸಸ್ಯತಳಿಕಾರ. 1926ರಲ್ಲಿ ನಿಧನರಾದ ಅವರನ್ನು ಸ್ವಂತ ತೋಟದ ಮರವೊಂದರ ಬುಡದಲ್ಲಿ ಹೂಳಲಾಗಿತ್ತು. ಚಿತ್ರದಲ್ಲಿ ಅವರ ಕಾಲುಗಳಿರಬೇಕಾದೆಡೆ ಮರದ ಕಾಂಡವಿದೆ. ಅದರ ಬೇರುಗಳು ನೆಲದಡಿಯ ಶವಕ್ಕೆ ಇಳಿದು ಅದರಿಂದಲೇ ಪೋಷಣೆ ಪಡೆಯುತ್ತಿವೆ. ಬಲಪಾದದ ನೋವು ಉಲ್ಬಣಿಸಿದ್ದ ದಿನಗಳಲ್ಲಿ ಕಲಾವಿದೆ ಮತ್ತೊಬ್ಬರ ಕಾಲುಗಳ ಸ್ಥಾನದಲ್ಲಿ ಕಾಂಡವನ್ನು ಇರಿಸಿದ್ದು ಗಮನಾರ್ಹ. ಆದರೂ ಇಲ್ಲಿ ಸ್ವಾನುಕಂಪದ ಲವಲೇಶವೂ ಇಲ್ಲ. ಕಸಿ ಮಾಡುವವನ ಕೈಯಲ್ಲಿ ಕತ್ತರಿಸುವಿಕೆಯೇ ಹೊಸ ಬೆಳವಣಿಗೆಯ ಆರಂಭವೆಂಬ ತಿಳಿವಳಿಕೆ ಚಿತ್ರವನ್ನು ಆಳುತ್ತದೆ. ಶಸ್ತ್ರವೈದ್ಯನ ಕತ್ತರಿಯೂ ತೋಟಗಾರನ ಕತ್ತರಿಯೂ ಒಂದೇ ಅಲ್ಲ ಎಂಬ ಅರಿವು ಮುಂದಿನ ಕೃತಿಗಳಲ್ಲಿ ಬೆಳೆಯುತ್ತದೆ.

ಆ ಬೆಳವಣಿಗೆಯ ಶಿಖರವೆಂದು 1943ರ ‘ಬೇರುಗಳು’ ಕೃತಿಯನ್ನು ಹೇಳಬಹುದು. ತಗಡಿನ ಮೇಲೆ ತೈಲವರ್ಣದಲ್ಲಿ ಬರೆದ ಈ ಚಿತ್ರದ ಅಗಲ ಸುಮಾರು 50 ಸೆಂಟಿಮೀಟರ್, ಎತ್ತರ 30 ಸೆಂಟಿಮೀಟರ್. ಬಿರುಕು ಬಿಟ್ಟ ಬಂಜರು ನೆಲದ ಮೇಲೆ, ದಿಂಬಿಗೆ ಮೊಣಕೈ ಊರಿ ಕಲಾವಿದೆ ಒರಗಿದ್ದಾರೆ. ಕಿಟಕಿಯಂತೆ ತೆರೆದ ಎದೆಯ ಮೂಲಕ ಬಳ್ಳಿಯೊಂದು ಹಾದು ಹೊರಟಿದೆ. ಅದರ ಎಲೆಗಳ ಕೆಂಪು ನರಗಳು ಎಲೆಯಂಚನ್ನು ಮೀರಿ ಮಣ್ಣಿನತ್ತ ಚಾಚಿಕೊಂಡಿವೆ. ಎಲೆಯ ನರ, ದೇಹದ ರಕ್ತನಾಳ, ಗಿಡದ ಬೇರು ಈ ಮೂರೂ ಒಂದೇ ರೇಖೆಯಲ್ಲಿ ಐಕ್ಯಗೊಂಡಿವೆ. ಕನ್ನಡದಲ್ಲಿ ‘ನರ’ ಎಂಬ ಒಂದೇ ಪದ ಎಲೆಗೂ ದೇಹಕ್ಕೂ ಸಲ್ಲುವುದರಿಂದ ಈ ಐಕ್ಯ ನಮಗೆ ಇನ್ನಷ್ಟು ಸಹಜವಾಗಿ ಗ್ರಾಹ್ಯವಾಗುತ್ತದೆ.

ಮರುವರ್ಷದ ‘ಮುರಿದ ಸ್ತಂಭ’ದೊಂದಿಗೆ ಇದನ್ನು ಹೋಲಿಸಿದರೆ ಸಸ್ಯದ ಪಾತ್ರ ಸ್ಪಷ್ಟವಾಗುತ್ತದೆ. ಎರಡರಲ್ಲಿಯೂ ತೆರೆದ ಮುಂಡವಿದೆ, ಬಿರಿದ ನೆಲವಿದೆ. ‘ಮುರಿದ ಸ್ತಂಭ’ದಲ್ಲಿ ಬೆನ್ನುಮೂಳೆಯ ಸ್ಥಾನದಲ್ಲಿ ಶಿಲಾಸ್ತಂಭವಿದ್ದು ಅದು ಅನೇಕ ಕಡೆ ಬಿರುಕುಬಿಟ್ಟಿದೆ, ಒಂದು ಹಸಿರೆಲೆಯೂ ಅಲ್ಲಿ ಕಾಣದು. ಕಲ್ಲು ಮುರಿದರೆ ಮುರಿದಂತೆಯೇ. ಬಳ್ಳಿಗಾದರೋ ನೆಟ್ಟಗೆ ನಿಲ್ಲಬೇಕೆಂಬ ಹಂಗಿಲ್ಲ. ಅದು ಟೊಳ್ಳಿನ ಮೂಲಕವೂ ಹಬ್ಬಬಲ್ಲದು, ಮಲಗಿಯೂ ಬೆಳೆಯಬಲ್ಲದು. 1940ರ ‘ಕನಸು’ ಚಿತ್ರದಲ್ಲಿ ಹಾಸಿಗೆಯಲ್ಲಿ ನಿದ್ರಿಸುವವಳ ಮೇಲೆ ಎಲೆಬಳ್ಳಿ ಹಬ್ಬಿರುವುದನ್ನೂ ಇಲ್ಲಿ ನೆನೆಯಬಹುದು. ನಿಲ್ಲುವುದನ್ನೇ ಆರೋಗ್ಯದ ಲಕ್ಷಣವೆಂದು ಭಾವಿಸುವ ಜಗತ್ತಿನಲ್ಲಿ ಒರಗಿದ ದೇಹಕ್ಕೂ ಒಂದು ಘನತೆಯ ಮಾದರಿಯನ್ನು ಕಾಹ್ಲೊ ಸಸ್ಯಲೋಕದಿಂದ ಪಡೆದರು.

ಹಣ್ಣುಗಳ ಚಿತ್ರಗಳು ಬೇರೊಂದು ಪ್ರಶ್ನೆಯನ್ನು ಎತ್ತುತ್ತವೆ. ನಾವು ಪಾಪಸುಕಳ್ಳಿಯೆಂದು ಕರೆಯುವ ಗಿಡದ ಮೂರು ಹಣ್ಣುಗಳನ್ನು ಅವರು 1938ರಲ್ಲಿ ತಟ್ಟೆಯಲ್ಲಿರಿಸಿ ಚಿತ್ರಿಸಿದರು. ಅಲ್ಲಿನ ಕುಂಚಗತಿ ಸೂಕ್ಷ್ಮ, ಅಂಚುಗಳು ನಿಖರ. 1951ರಿಂದಾಚೆಗೆ, ಹಾಸಿಗೆ ಮತ್ತು ಗಾಲಿಕುರ್ಚಿಗಳ ನಡುವೆ ದಿನಗಳು ಕಳೆಯತೊಡಗಿದಾಗ, ಹಣ್ಣುಗಳೇ ಅವರ ಪ್ರಧಾನ ವಸ್ತುವಾದವು. ಕೈಯಳತೆಯಲ್ಲಿ ಇರಿಸಿಕೊಳ್ಳಬಹುದಾದ, ರೂಪದರ್ಶಿಯ ಅಗತ್ಯವಿಲ್ಲದ ವಸ್ತುಗಳು ಅವು. ಈ ಕಾಲದ ಅನೇಕ ಚಿತ್ರಗಳಲ್ಲಿ ಬಣ್ಣ ದಪ್ಪವಾಗುತ್ತದೆ, ಅಂಚು ಸಡಿಲವಾಗುತ್ತದೆ. ತೀವ್ರ ನೋವುನಿವಾರಕಗಳ ಪ್ರಭಾವವನ್ನು ಇಲ್ಲಿ ಅಲ್ಲಗಳೆಯಲಾಗದು. ಇದನ್ನು ಹೊಸ ಶೈಲಿಯೆಂದು ವೈಭವೀಕರಿಸುವುದು ಕಲಾವಿದೆಗೆ ಮಾಡುವ ಉಪಕಾರವಲ್ಲ. ಎರಡು ದಶಕಗಳ ಕಾಲ ಸಾಧಿಸಿಕೊಂಡಿದ್ದ ಕೈಹದವನ್ನು ನೋವು ಕಸಿದುಕೊಂಡಿತೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕ ವಿಮರ್ಶೆ.

ಕತ್ತರಿಸಿದ ಕಲ್ಲಂಗಡಿಗಳ ಪ್ರಸಿದ್ಧ ಚಿತ್ರವನ್ನೂ ಈ ಎಚ್ಚರದಿಂದಲೇ ನೋಡಬೇಕಾಗಿದೆ. ಮುಂದಿನ ಹೋಳಿನ ಮೇಲೆ ಬದುಕಿಗೆ ಜಯಕಾರ ಹೇಳುವ ಬರಹ, ಕಲಾವಿದೆಯ ಹೆಸರು, ಊರು ಮತ್ತು 1954 ಎಂಬ ವರ್ಷ ಇವೆ. ಇದು ಅವರ ಕೊನೆಯ ಚಿತ್ರವೆಂಬ ಕಥನ ಜನಪ್ರಿಯವಾಗಿದೆ. ಚಿತ್ರ ಮೊದಲೇ ರಚಿತವಾಗಿದ್ದು, ಬರಹ ಮಾತ್ರ ಅಂತ್ಯಕಾಲದಲ್ಲಿ ಸೇರಿದ್ದಿರಬಹುದೆಂಬ ವಾದವೂ ಇದೆ. ಹೋಳುಗಳ ಅಂಚಿನ ದೃಢತೆ ಈ ವಾದಕ್ಕೆ ಪೂರಕವಾಗಿದೆ. ಹಾಗಿದ್ದಲ್ಲಿ ಕೃತಿಯ ಅರ್ಥ ಕುಗ್ಗುವುದಿಲ್ಲ. ಕೈ ಸ್ವಾಧೀನದಲ್ಲಿದ್ದಾಗ ಬರೆದ ಹಣ್ಣಿಗೆ, ಕೈ ಸೋತ ಕಾಲದಲ್ಲಿ ಹಾಕಿದ ಸಮ್ಮತಿಯ ಮುದ್ರೆಯಾಗಿ ಆ ಅಕ್ಷರಗಳು ನಿಲ್ಲುತ್ತವೆ.

ಒಟ್ಟಿನಲ್ಲಿ, ನೋವು ಕಾಹ್ಲೊ ಅವರ ಪ್ರತಿಭೆಯ ಮೂಲವೆಂಬ ನಂಬಿಕೆಯನ್ನು ಅವರ ಸಸ್ಯಚಿತ್ರಗಳು ಸಮರ್ಥಿಸುವುದಿಲ್ಲ. ನೋಡುವ ದೂರ, ಫಲಕದ ಅಳತೆ, ವಸ್ತುವಿನ ಆಯ್ಕೆ ಇವುಗಳಿಗೆ ನೋವು ಗಡಿ ಹಾಕಿತು. ಅಂತಿಮವಾಗಿ ಕುಂಚದ ಹಿಡಿತವನ್ನೂ ಸಡಿಲಿಸಿತು. ಆ ಗಡಿಯೊಳಗೆ ಏನನ್ನು ಬೆಳೆಯಬೇಕೆಂಬುದನ್ನು ನಿರ್ಧರಿಸಿದ್ದು ಕಲಾವಿದೆಯ ವಿವೇಕ ಮತ್ತು ದುಡಿಮೆ. ನೋವನ್ನು ಕಾಣಿಕೆಯೆಂದು ಬಗೆಯುವ ವಿಮರ್ಶೆ ಆ ದುಡಿಮೆಯನ್ನೇ ಮರೆಮಾಡುತ್ತದೆ. ಅನಾರೋಗ್ಯದಲ್ಲಿ ದುಡಿದ ಇತರ ಕಲಾವಿದರ ಅಧ್ಯಯನಕ್ಕೂ ಈ ವಿವೇಚನೆ ಅಗತ್ಯವಾದುದು.