ಯಯಾತಿಯ ಮುಪ್ಪು: ಒಂದು ಪುನರ್ವಿಮರ್ಶೆ

ದಿವಂಗತ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕವು 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಆಗ ಕರ್ತೃವಿಗೆ ಇಪ್ಪತ್ತೈದು ತುಂಬಿರಲಿಲ್ಲ. ನಾವು ಅದನ್ನು ಮೊದಲು ಓದಿದ್ದು ಪುರುವಿನ ವಯಸ್ಸಿನಲ್ಲಿ; ಈಗ ಮರಳಿ ಓದುತ್ತಿರುವುದು ಯಯಾತಿಯ ಅವಸ್ಥೆಯಲ್ಲಿ. ಆದುದರಿಂದ ಅದರ ಗುಣದೋಷಗಳನ್ನು ಇನ್ನೊಮ್ಮೆ ತೂಗಿನೋಡುವುದು ಅನುಚಿತವಾಗಲಾರದು.

ಮೂಲಕಥೆಯು ವಾಚಕರಿಗೆ ವಿದಿತವೇ ಇದೆ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಜರೆಗೀಡಾದ ಅರಸನು ಮಗನ ಯೌವನವನ್ನು ಬೇಡಿ ಪಡೆಯುತ್ತಾನೆ. ಆದಿಪರ್ವದ ಯಯಾತಿಯು ಸಹಸ್ರ ವರ್ಷ ಸುಖಿಸಿ, ಭೋಗದಿಂದ ಕಾಮವು ಶಮಿಸದೆಂದು ಅರಿತು, ಅದನ್ನು ಹಿಂದಿರುಗಿಸುವನು. ಅಲ್ಲಿಯ ಪ್ರಶ್ನೆಯು ಭೋಗಿಸಿದವನದು. ಕಾರ್ನಾಡರಾದರೋ ಆ ಭೋಗದ ಋಣವನ್ನು ತೀರಿಸುವವರಾರೆಂದು ಕೇಳುತ್ತಾರೆ. ಅವರು ಹೊಸದಾಗಿ ಕಲ್ಪಿಸಿದ ಪುರುವಿನ ಪತ್ನಿ ಚಿತ್ರಲೇಖೆಯೇ ಅದಕ್ಕೆ ಉತ್ತರ. ತಾನು ವರಿಸಿದ ತಾರುಣ್ಯವು ಮಾವನ ಮೈ ಸೇರಿರುವಾಗ ಆ ಮಾವನೇ ತನ್ನನ್ನು ಸ್ವೀಕರಿಸಲಿ ಎಂದು ಅವಳು ಆಡುವ ಮಾತಿಗೆ ಯಯಾತಿಯು ತತ್ತರಿಸುತ್ತಾನೆ. ವಿಷವುಂಡು ಅವಳು ಮಡಿದ ಮೇಲೆಯೇ ಅವನಿಗೆ ವಿವೇಕೋದಯ. ಈ ಒಂದು ದೃಶ್ಯದಿಂದಲೇ ಕೃತಿಯು ಪುರಾಣದ ಪುನರುಕ್ತಿಯಾಗದೆ ಸ್ವತಂತ್ರವಾಗಿದೆ.

ಆದರೆ ಮುಪ್ಪು ಇಲ್ಲಿ ಕೇವಲ ಶಾಪವಾಗಿ ಉಳಿದಿರುವುದು ನ್ಯೂನತೆಯೆಂದೇ ನಮ್ಮ ಅಭಿಪ್ರಾಯ. ನಿಜವಾದ ಮುಪ್ಪು ಸಿಡಿಲಿನಂತೆ ಎರಗುವುದಿಲ್ಲ. ಪುರುಷನ ದೇಹದ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ನಡುವಯಸ್ಸಿನಿಂದ ವರುಷಕ್ಕೆ ಸುಮಾರು ನೂರಕ್ಕೊಂದು ಪಾಲಿನಂತೆ ಇಳಿಯುತ್ತದೆ. ಸ್ತ್ರೀಯರ ಮುಟ್ಟಿನಂತೆ ಪೂರ್ಣವಾಗಿ ನಿಲ್ಲುವುದಿಲ್ಲ. ಶಕ್ತಿ ಕುಂದುವುದಕ್ಕೆ ಅನೇಕ ವೇಳೆ ಸಕ್ಕರೆ ಬೇನೆ, ರಕ್ತನಾಳಗಳ ದೋಷ, ಸೇವಿಸುವ ಔಷಧ ಅಥವಾ ಮನಸ್ಸಿನ ದುಗುಡವೇ ಕಾರಣ. ಕೆಲವರಲ್ಲಿ ಅದು ಹೃದ್ರೋಗದ ಪೂರ್ವಸೂಚನೆಯೂ ಹೌದು. ಕುಂದುವ ಬಲ, ಕುಂದದ ಆಸೆ, ನಡುವೆ ಲಜ್ಜೆ: ಈ ಮಂದಗತಿಯ ನಾಟಕವು ತರುಣ ಕರ್ತೃವಿಗೆ ಕಾಣದೆ ಹೋದುದು ಸಹಜವೇ.

ಪ್ರಾಚೀನರು ಇದನ್ನು ಮುಚ್ಚಿಡಲಿಲ್ಲ. ವಾಜೀಕರಣವು ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು. ಚರಕನು ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯವನ್ನೇ ಅದಕ್ಕೆ ಮೀಸಲಿಟ್ಟು, ದೀರ್ಘಾಯುಷ್ಯ ಬಯಸುವವನಿಗೆ 16ರಿಂದ 70ರ ವರೆಗಿನ ಮೇರೆಯನ್ನೂ ವಿಧಿಸಿದನು. ಯಯಾತಿಯ ಮೋಹವು ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. 1889ರಲ್ಲಿ ಪ್ಯಾರಿಸಿನ ಬ್ರೌನ್-ಸೆಕಾರ್ಡನೆಂಬ 72ರ ವಿದ್ವಾಂಸನು ಪ್ರಾಣಿಗಳ ವೃಷಣದ ಸಾರವನ್ನು ಚುಚ್ಚಿಕೊಂಡು ಯೌವನವು ಮರಳಿತೆಂದು ಸಾರಿದನು; ಅದು ಭ್ರಾಂತಿಯೆಂದು ಬಳಿಕ ತಿಳಿಯಿತು. ಹಾರ್ಮೋನು ಶುದ್ಧರೂಪದಲ್ಲಿ ದೊರೆತದ್ದು 1935ರಲ್ಲಿ. ಇಂದು ಬಲ್ಲ ವೈದ್ಯರು ಲಕ್ಷಣಗಳಿದ್ದು, ಎರಡು ಬೇರೆ ಮುಂಜಾವುಗಳ ರಕ್ತಪರೀಕ್ಷೆಯಲ್ಲಿ ಕೊರತೆ ಸಿದ್ಧವಾದರೆ ಮಾತ್ರ ಅದನ್ನು ಕೊಡುತ್ತಾರೆ.

ಆದರೂ ನಮ್ಮ ಕಮರಿಪೇಟೆಯ ಕಟ್ಟೆಯ ಗೆಳೆಯರೊಬ್ಬರು, ಗೋಡೆಯ ಜಾಹೀರಾತನ್ನು ನಂಬಿ ಎರಡು ವರುಷ ಗುಟ್ಟಾಗಿ ಪುಡಿಯನ್ನು ನುಂಗಿದರು. ಒಳಗೆ ಬೆಳೆಯುತ್ತಿದ್ದುದು ಸಕ್ಕರೆ ಬೇನೆ. ಅವರು ತನ್ನಿಂದ ದೂರ ಸರಿದುದಕ್ಕೆ ತನ್ನ ತಪ್ಪೇನೆಂದು ಅವರ ಪತ್ನಿ ಅಷ್ಟು ಕಾಲವೂ ಮನಸ್ಸಿನಲ್ಲೇ ಕೊರಗಿದರಂತೆ.

ನಾಟಕದ ನ್ಯೂನತೆಯು ಅದರ ಸತ್ಯವನ್ನು ಕುಂದಿಸದೆಂದು ನಮಗೆ ಮನವರಿಕೆಯಾದುದು ಇಲ್ಲಿಯೇ. ತಂದೆ ಮಕ್ಕಳು ಯೌವನವನ್ನು ವಿನಿಮಯ ಮಾಡಿಕೊಳ್ಳುವಾಗ ಚಿತ್ರಲೇಖೆಯನ್ನು ಯಾರೂ ಕೇಳಲಿಲ್ಲ. ನಮ್ಮ ಮನೆಗಳಲ್ಲಿಯೂ ಕೇಳುವವರಿಲ್ಲ. ವೃದ್ಧವಾಚಕರು ಈ ಕೃತಿಯನ್ನು ಅವಶ್ಯವಾಗಿ ಓದಬೇಕು. ಸಾಧ್ಯವಾದರೆ ಪತ್ನಿಯೊಡನೆ ಕುಳಿತು ಓದಬೇಕು.